ಇಬ್ಬರಿಗೊಂದೇ ನೆನಪು

ತಾನು ಕೇಳದೇ ಇದ್ದ ಪ್ರಶ್ನೆಗೆ ಫೋನು ಉತ್ತರ ಕೊಟ್ಟಾಗ ಇಬಿದುನ್ ಸೌಟನ್ನು ಕೆಳಗಿಟ್ಟಳು.

ಅವಳು ಕೇಳಿದ್ದು ಶನಿವಾರದ ಊಟಕ್ಕೆ ಎಷ್ಟು ಅಕ್ಕಿ ಬೇಕು ಎಂದಷ್ಟೇ. ಎಐ ಸಹಾಯಕ ಲೆಕ್ಕ ಹೇಳಿ ಮುಂದುವರಿಸಿತು: "ಚೀಫ್ ಒಲಾಗುಂಜು ಅವರ ಮಗಳ ಮದುವೆಗೂ ಇದೇ ಅಕ್ಕಿ ತರಿಸೋಣವಾ? ಹೋದ ವಾರ ಆ ಮದುವೆ ಬಗ್ಗೆ ಹೇಳಿದ್ರಲ್ಲ."

ಅವಳು ಹೇಳಿರಲಿಲ್ಲ. ಇಬಾದಾನ್ ಪಟ್ಟಣದಲ್ಲಿ ಆ ವರ್ಷದ ದೊಡ್ಡ ಮದುವೆ ಅದು. ಅಡಿಗೆಯ ಗುತ್ತಿಗೆ ಯಾರ ಪಾಲಾಗುತ್ತದೋ ಎಂದು ಊರಿನ ಅಡಿಗೆಯವರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು.

"ಇದಕ್ಕೆ ದೆವ್ವ ಹಿಡಿದಿದೆ ಆಂಟಿ," ಎಂದಳು ಈರುಳ್ಳಿ ಹೆಚ್ಚುತ್ತಿದ್ದ ಕೆಲಸದ ಹುಡುಗಿ ಸಿಕಿರಾ.

"ದೆವ್ವ ಅಲ್ಲ ಕಣೆ. ಅಬೆಕೆ."

ಅಬೆಕೆ ಅವಳ ಹಳೆಯ ಪಾಲುದಾರಳು. ಪಾಲು ಮುರಿದಾಗ ಬೀಗ, ಬೋರ್ಡು, ಹಂಡೆ, ಹೆಸರು ಎಲ್ಲವೂ ಇಬಿದುನ್ ಕಡೆ ಉಳಿದವು. ಅಬೆಕೆ ಉಟ್ಟ ಬಟ್ಟೆಯಲ್ಲಿ ಹೊರಬಿದ್ದಳು. ಯಾರಾದರೂ ಇದನ್ನು ಮೋಸ ಎಂದರೆ, ಜಾಣತನ ಎಂದು ಇಬಿದುನ್ ತಿದ್ದುತ್ತಿದ್ದಳು. ಆದರೆ ಹಾಗೆ ಹೊರಬಿದ್ದವಳು ರಸ್ತೆಯಾಚೆಗೇ ಒಲೆ ಹೂಡಿ ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಸೆಳೆದುಕೊಂಡದ್ದನ್ನು ಮಾತ್ರ ಅವಳು ಮೋಸವೆಂದೇ ಕರೆಯುತ್ತಿದ್ದಳು.

ಎಐ ಖಾತೆಯೊಂದು ಮಾತ್ರ ಅಬೆಕೆಯ ಹೆಸರಿನಲ್ಲೇ ಉಳಿದಿತ್ತು. ಚಂದಾ ಕಟ್ಟುವವಳು ಅವಳು, ಬಳಸುವವರು ಇಬ್ಬರೂ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಹೆಂಗಸಲ್ಲ ಇಬಿದುನ್. ಇಷ್ಟು ದಿನ ಅದರಿಂದ ತೊಂದರೆಯೂ ಇರಲಿಲ್ಲ, ಬೆಳಿಗ್ಗೆ ಹೇಳಿದ್ದನ್ನು ಅದು ಸಂಜೆಗೆ ಮರೆತಿರುತ್ತಿತ್ತು. ಹೋದ ತಿಂಗಳು ಕಂಪನಿಯವರು ಅದಕ್ಕೆ ಶಾಶ್ವತ ನೆನಪಿನ ಶಕ್ತಿ ಸೇರಿಸಿದ್ದರು.

ಇಬಿದುನ್ ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಮೆತ್ತಗೆ ಕೇಳಿದಳು: "ಆ ಮದುವೆ ಬಗ್ಗೆ ನಾನು ಏನೇನು ಹೇಳಿದ್ದೆ?"

"ಆ ಮನೆಗೆ ಗಿನಿಕೋಳಿ ವರ್ಜ್ಯ. ಬಸವನಹುಳು ಅಂದ್ರೆ ಚೀಫ್‌ಗೆ ಪಂಚಪ್ರಾಣ. ಖಾರ ಹಾಕಿ ಹುರಿದು ಅವರ ತಟ್ಟೆಗೇ ಮೊದಲು ಬಡಿಸಬೇಕು. ಮುಂಚೆ ಯಾರಿಗೂ ಹೇಳಬಾರದು, ಮುಚ್ಚಳ ತೆಗೆದಾಗಲೇ ಗೊತ್ತಾಗಬೇಕು."

"ಇನ್ನೇನಾದ್ರೂ ಇದೆಯಾ?"

"ಸದ್ಯಕ್ಕೆ ಹೇಳಬೇಕಾದ್ದು ಇಷ್ಟೇ."

"ನಾನು ಕೇಳಿದ್ದನ್ನ ನೆನಪಿಟ್ಕೋಬೇಡ."

"ಆಗಲಿ."

ಇಬಿದುನ್ ನಕ್ಕಳು. "ನೋಡ್ತಿರು ಸಿಕಿರಾ. ನನ್ನ ಗಿರಾಕಿಗಳನ್ನ ನುಂಗಿದಳಲ್ಲ, ಅವಳ ಬಾಯಿಗೆ ಬಂದ ತುತ್ತನ್ನೇ ಕಿತ್ಕೋತೀನಿ. ಅವಳದೇ ಅಡಿಗೆ ಮಾಡಿ ಅವಳ ಕಣ್ಣೆದುರೇ ಬಡಿಸ್ತೀನಿ."

"ಬೇಡ ಆಂಟಿ. ಅವರೂ ನೊಂದವರೇ."

"ನೀನು ಈರುಳ್ಳಿ ನೋಡ್ಕೋ."

ಮರುದಿನವೇ ಅವಳು ವಧುವಿನ ತಾಯಿಯ ಮುಂದೆ ಮಂಡಿಯೂರಿ ನಮಸ್ಕರಿಸಿದಳು. ಬೇರೆಯವರಿಗಿಂತ ಕಡಿಮೆಗೆ ಮಾಡಿಕೊಡುತ್ತೇನೆ ಎಂದಳು. ಅಬೆಕೆಯ ಅಡಿಗೆಮನೆಯಲ್ಲಿ ಇಲಿಗಳ ಕಾಟ ಎಂದು ಯಾರೂ ಕೇಳದಿದ್ದರೂ ಹೇಳಿದಳು.

"ಅವಳು ಒಂದು ಸಲ ಬಂದು ಎಲ್ಲಾ ಕೇಳ್ಕೊಂಡು ಹೋದವಳು ತಿರುಗಿ ಈ ಕಡೆ ತಲೆ ಹಾಕಿಲ್ಲ ಕಣಮ್ಮ," ಎಂದರು ತಾಯಿ. "ನೀನಾದ್ರೂ ಬಂದೆ. ನಮ್ಮ ಯಜಮಾನರ ಮನೆತನದ ಪದ್ಧತಿ ಒಂದಿದೆ, ನಿಂಗೆ..."

"ಎಲ್ಲಾ ಗೊತ್ತು ಮಮ್ಮಿ! ನಿಮ್ಮ ಮನೆತನ ಗೊತ್ತಿಲ್ಲದವರು ಈ ಊರಲ್ಲಿ ಯಾರಿದ್ದಾರೆ?"

ಗೊತ್ತಿಲ್ಲ ಎಂದರೆ ಗುತ್ತಿಗೆ ಕೈ ತಪ್ಪುತ್ತದೆ. ಗೊತ್ತು ಎಂದಳು, ಸಿಕ್ಕಿತು.

ಮದುವೆಯ ದಿನ ಹಾಲ್ ತುಂಬ ಒಂದೇ ಬಣ್ಣದ ಬಟ್ಟೆ, ಹೆಂಗಸರ ತಲೆಯ ಮೇಲೆ ಗೋಪುರದಂಥ ರುಮಾಲು. ಮಾತಿನಂತೆಯೇ ನುಡಿಯುವ ಡೋಲುಗಳು ಚೀಫ್‌ರ ವಂಶವನ್ನು ಹೊಗಳುತ್ತಿದ್ದವು. ಇಬಿದುನ್ ಮುಚ್ಚಿದ ತಟ್ಟೆಯನ್ನು ತಾನೇ ಹೊತ್ತು ತಂದು, ಅವರ ಮುಂದಿಟ್ಟು, ಮುಚ್ಚಳ ತೆಗೆದಳು.

ಚೀಫ್ ತಟ್ಟೆ ನೋಡಿದರು. ಪಕ್ಕದಲ್ಲಿದ್ದ ಮುದಿ ಅಕ್ಕ ಕಿರುಚಿ ಎದ್ದಳು. ಅವಳ ಹಿಂದೆ ವಂಶಕ್ಕೆ ವಂಶವೇ ಎದ್ದು ನಿಂತಿತು. ಡೋಲು ನಿಂತಿತು.

"ಬಸವನಹುಳು!" ಮುದುಕಿಯ ಬಾಯಿಂದ ಉಗುಳು ಹಾರಿತು. "ತಲೆತಲಾಂತರದಿಂದ ನಮ್ಮ ಹೊಸ್ತಿಲು ದಾಟದ ವಸ್ತು! ಮಗಳ ಮದುವೆ ದಿನ ನನ್ನ ತಮ್ಮನ ಬಾಯಿಗೆ ಇಡೋಕೆ ಬಂದ್ಯಾ? ಯಾರು ಕಳಿಸಿದ್ದು ನಿನ್ನ?"

ಸುತ್ತ ಎಲ್ಲರ ಫೋನುಗಳೂ ಮೇಲೆದ್ದವು. ವಧು ಅಳುತ್ತಿದ್ದಳು. ಇಬಿದುನ್ ಕಾಲಿಗೆ ಬಿದ್ದಳು, ಕಾಲು ಹಿಂದೆ ಸರಿಯಿತು. ಕಟ್ಟಿ ಬೆಳೆಸಿದ ಹೆಸರು ಒಂದು ಮುಚ್ಚಳ ತೆಗೆಯುವಷ್ಟರಲ್ಲಿ ಮಣ್ಣುಪಾಲಾಯಿತು. ಇನ್ನು ಈ ಊರಿನಲ್ಲಿ ಯಾರೂ ತನ್ನನ್ನು ಒಲೆಯ ಹತ್ತಿರಕ್ಕೂ ಸೇರಿಸುವುದಿಲ್ಲ ಎಂದು ಅವಳಿಗೆ ಅಲ್ಲೇ ಅರ್ಥವಾಯಿತು.

ಹಂಡೆಗಳ ನಡುವೆ ವ್ಯಾನಿನಲ್ಲಿ ಕೂತು ಅವಳು ಫೋನಿನ ಮೇಲೆ ಹರಿಹಾಯ್ದಳು. "ಯಾಕೆ ಸುಳ್ಳು ಹೇಳ್ದೆ? ಹಾಳಾದ್ದೇ, ಯಾಕೆ ಸುಳ್ಳು ಹೇಳ್ದೆ?"

"ನೀವು ನೆನಪಿಟ್ಕೋ ಅಂದಿದ್ದನ್ನೇ ಹೇಳಿದೆ," ಎಂದಿತು ಸಹಾಯಕ ಅದೇ ಮೃದು ದನಿಯಲ್ಲಿ. "ಇನ್ನೊಂದು ಮಾತಿತ್ತು. ಮದುವೆ ಊಟ ಬಡಿಸೋವರೆಗೂ ಅದನ್ನ ಎತ್ತಬೇಡ ಅಂದಿದ್ರಿ. ಬಡಿಸಿ ಆಯ್ತಲ್ಲ?"

"ಏನದು?"

"'ಬಸವನಹುಳು ಚೀಫ್ ತಟ್ಟೆಗೆ ಬಿದ್ದ ಮೇಲೆ ಇಬಿದುನ್ ಫೋನನ್ನ ನನ್ನ ಖಾತೆಯಿಂದ ಕಿತ್ತು ಹಾಕು.' ಈಗ ಕಿತ್ತು ಹಾಕ್ಲಾ, ಅಬೆಕೆ ಅವರೇ?"