ಗಾಳಿಯ ನೂಲು

ಸುವಾರ್ತಮ್ಮ ಮಂಚದ ಮೇಲೆ ಮಲಗಿದ್ದಲ್ಲೇ ಗಾಳಿಯಿಂದ ನೂಲೆಳೆಯುತ್ತಿದ್ದಳು. ಬೆರಳುಗಳು ಇಲ್ಲದ ಎಳೆಯೊಂದನ್ನು ಹಿಡಿದು, ಮೆಲ್ಲಗೆ ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತಿದ್ದವು. ಸೊಳ್ಳೆಪರದೆಯ ಮೇಲೆ ಗೋದಾವರಿಯ ಪುಲಸ ಮೀನುಗಳು ಈಜುತ್ತಿವೆ ಎಂದು ಬೆಳಗಿನಿಂದ ಪಿಸುಗುಡುತ್ತಿದ್ದಳು.

“ಅಮ್ಮ ಲೇಸ್ ಹೆಣೀತಿದಾಳೆ ನೋಡೇ,” ಮಗ ಏಲಿಯಾ ನಕ್ಕ. “ನನ್ನ ಹೆಸರು ಮರೆತಳು, ಕಸುಬು ಮಾತ್ರ ಬಿಡಲಿಲ್ಲ.” ಮನೆಮನೆಯಲ್ಲೂ ಲೇಸ್ ಹೆಣೆಯುವ ಆ ಓಣಿಯಲ್ಲಿ ಎಲ್ಲರೂ ಹಾಗೇ ಅನ್ನುವವರು. ಹೆಂಗಸರ ಬೆರಳು ಆಡಿದರೆ ಅದು ಲೇಸ್ ಹೆಣಿಗೆಯೇ.

ಸೊಸೆ ಕರುಣ ನಗಲಿಲ್ಲ. ಮರೆವು ವರ್ಷಗಳಿಂದ ಅತ್ತೆಯೊಳಗಿನ ಹೆಸರುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು ಹೋಗಿತ್ತು, ನಿಜ. ಆದರೆ ನಿನ್ನೆ ಸಂಜೆಯೂ ಜಗಲಿಯಲ್ಲಿ ಕೂತು ಅವಳು ಲೇಸಿನ ಹೂವೊಂದನ್ನು ಹೆಣೆದಿದ್ದಳು. ಒಂದು ಕುಣಿಕೆಯೂ ತಪ್ಪಿರಲಿಲ್ಲ. ಕರುಣ ಅತ್ತೆ ಲೇಸ್ ಹೆಣೆಯುವ ಹಳೆಯ ಉಕ್ಕಿನ ಕೊಕ್ಕೆಯನ್ನು ತಂದು ಅವಳ ಕೈಗಿಟ್ಟಳು. ಸುವಾರ್ತಮ್ಮ ಅದನ್ನೇ ದಿಟ್ಟಿಸಿದಳು. “ಪಾಪ, ಮೀನುಮರಿ ಇದು. ನೀರಿಗೆ ಬಿಡು,” ಎಂದು ಬೆರಳು ಸಡಿಲಿಸಿದಳು. ಕೊಕ್ಕೆ ನೆಲಕ್ಕೆ ಬಿತ್ತು. ಕರುಣ ಅತ್ತೆಯ ಹಣೆ ಮುಟ್ಟಿದಳು, ಸುಡುತ್ತಿತ್ತು.

“ರೀ, ಇದು ಮರೆವಲ್ಲ. ಮರೆವು ಹೀಗೆ ರಾತ್ರೋರಾತ್ರಿ ಕೈಕಸುಬನ್ನ ಕಿತ್ಕೊಳ್ಳಲ್ಲ. ಜ್ವರ ತಲೆಗೇರಿದೆ. ಆಟೋ ಕರೀರಿ.”

“ಆಸ್ಪತ್ರೆಗೆ ಹೋದ್ರೆ ಹೋಗಿದ್ದು ವಾಪಸ್ ಬರುತ್ತೇನೇ?”

“ಮರೆವು ತಗೊಂಡು ಹೋಗಿದ್ದು ಬರಲ್ಲ. ಜ್ವರ ತಗೊಂಡಿದ್ದು ಬರುತ್ತೆ.”

ಅವಳು ಬಗ್ಗಿ ಕೊಕ್ಕೆಯನ್ನೆತ್ತಿಕೊಂಡು, ಒರೆಸಿ, ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು.