ಜಕ್ಕವ್ವನ ಕೆರೆಯ ಹೇಳಿಕೆ

ಪರಿಸರ ನಿರ್ವಹಣೆಯ ಎಂ.ಎಸ್ಸಿ. ಪ್ರಬಂಧಕ್ಕೆ ಕೆರೆಯೇ ಕೊಟ್ಟ ಹೇಳಿಕೆ ಲಗತ್ತಿಸದಿದ್ದರೆ ವಿಭಾಗದಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಶಾಂಭವಿ ಹೂಗಾರ ಜಕ್ಕವ್ವನ ಕೆರೆಯ ಮೆಟ್ಟಿಲ ಮೇಲೆ ಕುಳಿತು, ಕೆರೆಯ ಮಾತು ಕೇಳುವ ಕೊಳವೆಯ ಒಂದು ತುದಿಯನ್ನು ನೀರಿಗೆ ಬಿಟ್ಟು ಇನ್ನೊಂದನ್ನು ಕಿವಿಗೆ ಇಟ್ಟುಕೊಂಡಳು.

"ಹೆಂಗದೀಯವ್ವಾ?"

"ಭಾಳ ಆರಾಮ ಅದೀನಿ," ಎಂದಿತು ಕೆರೆ. "ಹಂಗ ಬರಕೋ."

ಶಾಂಭವಿ ಬರೆದುಕೊಳ್ಳಲಿಲ್ಲ. ಅವಳ ಕಾಲಬುಡದಲ್ಲೇ ಮೂರು ಮೀನು ಸತ್ತು ತೇಲುತ್ತಿದ್ದವು. ಕೆರೆಗೆ ಯಾರೋ ಹೇಳಿಕೊಟ್ಟಿದ್ದಾರೆ ಎನಿಸಿತು.

"ಖರೇ ಹೇಳು. ಯಾರರ ಹೆದರಿಸ್ಯಾರೇನು?"

ಕೆರೆಯ ನೀರು ಮೆಟ್ಟಿಲಿನಿಂದ ಒಂದಿಷ್ಟು ಹಿಂದೆ ಸರಿಯಿತು. "ಮೊದಲ ನೀ ಹೇಳು. ಯಾರ ಕಡಿಯಾಕಿ?"

"ಯಾರ ಕಡಿಯಾಕೀನೂ ಅಲ್ಲ. ನಾ ಬರೇ ಓದೋ ಹುಡುಗಿ."

"ನಿಮ್ಮ ಗೈಡ್ ಹಂಪಣ್ಣವರ ಸರ್ರೂ ಹಂಗ ಅಂದಿದ್ದ, ತಾ ಓದೂ ಮುಂದ, ನನ್ನ ತಂಗಿ ಕೆರಿ ಹತ್ರ. ಆಕಿ ನಂಬಿ ತನ್ನ ಬ್ಯಾನಿ ಎಲ್ಲಾ ಹೇಳಿಕೊಂಡ್ಳು. ಇಂವ ಒಂದೂ ಬಿಡದ ಬರಕೊಂಡ. 'ಈ ಕೆರಿ ಇನ್ನ ಬದುಕೂದಿಲ್ಲ' ಅಂತ ಯೂನಿವರ್ಸಿಟಿ ಆಫೀಸಿನವರು ಷರಾ ಹಾಕಿ, ಮಣ್ಣು ಸುರುವಿ ಮುಚ್ಚಿಬಿಟ್ರು."

"ಎಲ್ಲಿತ್ತು ಆ ಕೆರಿ?"

"ನೀ ದಿನಾ ಕ್ಲಾಸಿಗೆ ಕೂಡ್ತೀಯಲ್ಲ, ಅಲ್ಲೇ."

ಮಧ್ಯಾಹ್ನ ಶಾಂಭವಿ ವಿಭಾಗಕ್ಕೆ ಬಂದಾಗ ಹಂಪಣ್ಣವರ ಸರ್ ಮೇಜಿನ ಮೇಲೆ ಜಕ್ಕವ್ವನ ಕೆರೆಯ ಮೇಲೇ ಗೆರೆ ಎಳೆದ ಹೊಸ ಹಾಸ್ಟೆಲಿನ ನಕ್ಷೆ ಹರಡಿಕೊಂಡು ಕುಳಿತಿದ್ದರು. ಪೆನ್ನಿನ ಕ್ಯಾಪು ತೆಗೆದು ಕೇಳಿದರು:

"ಏನಂತೈತವ್ವಾ ಕೆರಿ? ಭಾಳ ತ್ರಾಸ ಐತೇನು?"

ಅವರ ಕುರ್ಚಿಯ ಕೆಳಗಿನ ನೆಲ ಈ ಬಿಸಿಲಲ್ಲೂ ಒದ್ದೆಯಾಗಿತ್ತು.

"ಇಲ್ರೀ ಸರ್," ಎಂದಳು ಶಾಂಭವಿ. "ಭಾಳ ಆರಾಮ ಐತಂತ್ರೀ."