ಕಮಾನಿನ ಹತ್ತೊಂಬತ್ತು ಕಲ್ಲು

ಕಲ್ಲುಗಳ ಮೇಲೆ ಒಂದು ನಂಬರೂ ಉಳಿದಿರಲಿಲ್ಲ.

ಶುಕ್ರವಾರದ ನಮಾಜು ಮುಗಿಸಿ ಬಂದ ಗಾರೆ ಮೇಸ್ತ್ರಿ ಅಹಮದ್ ಪಾಷಾ ಚರ್ಚಿನ ಸಮಾಧಿ ಅಂಗಳದಲ್ಲಿ ಹಾಗೇ ನಿಂತುಬಿಟ್ಟ. ಅರಳಿ ಬೇರು ನುಗ್ಗಿ ಬಿರಿದಿದ್ದ ಹಳೇ ಹೆಬ್ಬಾಗಿಲ ಕಮಾನನ್ನು ಬಿಚ್ಚಿ, ಹತ್ತೊಂಬತ್ತು ಕಲ್ಲಿಗೂ ಇದ್ದಿಲಿನಲ್ಲಿ ನಂಬರು ಬರೆದು ಸಾಲಾಗಿ ಮಲಗಿಸಿದ್ದ. ಈಗ ಅವು ಬೆಳ್ಳಗೆ ತೊಳೆಸಿಕೊಂಡು ಕಾಂಪೌಂಡ್ ಗೋಡೆಯ ಪಕ್ಕ ಒಟ್ಟಿಕೊಂಡಿದ್ದವು.

“ಯಾರು ಇವನ್ನ ಮುಟ್ಟಿದ್ದು?”

“ನಾನೇ ಕಣ್ ಪಾಷಣ್ಣ.” ಕಸ ಗುಡಿಸುವ ಮರಮ್ಮ ತೆಂಗಿನ ನಾರು ಹಿಡಿದೇ ಬಂದಳು. “ನಾಳೀಕೆ ಸತ್ತೋರ ಹಬ್ಬ ಅಲ್ವಾ? ಅಂಗಳದಾಗೆ ಒಂದು ಕಲ್ಲೂ ಕೊಳಕಾಗಿರಬಾರ್ದು ಅಂದ್ರು ಸೆಕ್ರೆಟ್ರಿ. ಆ ಮಸಿ ಬಿಡ್ಸಕ್ಕೆ ಎಲ್ಡು ಪ್ಯಾಕೆಟ್ ಸೋಪಿನ ಪುಡಿ ಬೇಕಾಯ್ತು, ಅಬ್ಬಬ್ಬಾ!”

“ಮಸಿ ಅಲ್ಲಮ್ಮಾ ಅದು, ನಂಬರು!”

“ನಂಗೇನು ಓದಕ್ ಬತ್ತದಾ? ನೀನು ಒಂದ್ ಮಾತು ಹೇಳಿದ್ಯಾ?”

ಹೇಳಿರಲಿಲ್ಲ. ಬಿಚ್ಚುವ ಮುಂಚೆ ಕಲ್ಲಿನ ಬೆನ್ನಿಗೆ ಉಳಿಯಲ್ಲಿ ಗೀರು ಹಾಕು ಎಂದು ಅಪ್ಪ ಸಾಯುವವರೆಗೂ ಹೇಳಿದ್ದರು. ಬೆರಳು ನೋಯುತ್ತಿತ್ತು, ಎರಡು ದಿನದ ಮಾತು ಎಂದು ಪಾಷಾ ಇದ್ದಿಲು ಹಿಡಿದಿದ್ದ.

ಹಬ್ಬದೊಳಗೆ ಕಮಾನು ನಿಂತರೆ ಸುಣ್ಣದ ಗಾರೆಯ ಹಳೇ ಕಾಂಪೌಂಡ್ ಗೋಡೆಯೂ ಉಳಿಯುತ್ತದೆ, ಇಲ್ಲದಿದ್ದರೆ ಎರಡೂ ಜೆಸಿಬಿಗೆ ಎಂದು ಚರ್ಚಿನ ಕಮಿಟಿ ತೀರ್ಮಾನಿಸಿತ್ತು. ಪಾಷಾ ಕಲ್ಲುಗಳನ್ನು ನೆಲದ ಮೇಲೆ ಕಮಾನಿನಂತೆ ಜೋಡಿಸಿದ, ಕಿತ್ತ, ಮತ್ತೆ ಜೋಡಿಸಿದ. ಪಕ್ಕದ ಕಲ್ಲಿಗೆ ತಕ್ಕಂತೆ ಒಂದೊಂದನ್ನೂ ಕೈಯಲ್ಲೇ ಕಡಿದಿದ್ದರು ಹಿಂದಿನವರು. ಒಂದು ಸಂದು ಕೂಡಿದರೆ ಇನ್ನೊಂದು ಬಾಯಿಬಿಡುತ್ತಿತ್ತು.

ಸಂಜೆ ಸೆಕ್ರೆಟರಿ ಶಶಿ ಬಂದು ನೋಡಿದ. “ಸಂದಿಗೆ ಸಿಮೆಂಟ್ ತುಂಬಿ ಕೂರ್ಸಿ ಸಾಬ್ರೇ. ಯಾರು ನೋಡ್ತಾರೆ?”

“ಕೆಳಗೆ ಜನ ಓಡಾಡ್ತಾರೆ ಸಾರ್.”

ಶಶಿ ಬಾಯಿಬಿಟ್ಟ ಒಂದು ಸಂದಿಗೆ ಬೆರಳಿಟ್ಟು ನೋಡಿದ. “ಸರಿ ಬುಡಿ. ಸೋಮವಾರ ಜೆಸಿಬಿಗೆ ಹೇಳ್ತೀನಿ. ಕಮಿಟೀಲಿ ನಿಮ್ಮ ಪರ ಮಾತಾಡಿದ್ದು ನಾನೊಬ್ನೇ ಕಣ್ರೀ.”

ಮರುದಿನ ಬೆಳಿಗ್ಗೆ ಪಾಷಾ ತನ್ನ ಸಾಮಾನು ಒಯ್ಯಲು ಬಂದಾಗ ಅಂಗಳದ ಗೋರಿಗಳ ಮೇಲೆಲ್ಲ ಹೂವು, ಮೇಣದ ಬತ್ತಿಗಳು. ನೆಲದಲ್ಲಿ ಅರ್ಧ ಜೋಡಿಸಿಟ್ಟ ಕಲ್ಲುಗಳ ಮೇಲೂ ಯಾರೋ ಸೇವಂತಿಗೆ ಇಟ್ಟಿದ್ದರು. ಪರವೂರಿನ ಮುದುಕಿಯೊಬ್ಬಳು ತುದಿಯ ಕಲ್ಲಿಗೆ ಬತ್ತಿ ಅಂಟಿಸುತ್ತ ತಲೆಯೆತ್ತಿದಳು.

“ಇಷ್ಟು ಚಿಕ್ಕದಾಗೈತಲ್ಲ, ಕೂಸಿನ ಗೋರಿಯೇನಪ್ಪಾ?”

ಪಾಷಾ ಹೂಂ ಅಂದ.